ಸುಂಕದಕಟ್ಟೆಯಲ್ಲಿ ಹುಟ್ಟಿದ ಲೆಕ್ಕ

ಪರದೇಶಗಳಿಂದ ಬಂದಿಳಿಯುವವರ ಎಣಿಕೆಯನ್ನು ಅಮೆರಿಕದ ಸಂಯುಕ್ತ ಸಂಸ್ಥಾನಗಳು ಮೊದಲು ಕೈಗೊಂಡುದು ಆ ಬಂದವರ ಪ್ರಾಣರಕ್ಷಣೆಯ ಸಲುವಾಗಿ. ನೆಪೋಲಿಯನ್ನನ ಯುದ್ಧಗಳು ಮುಗಿದು ಅಟ್ಲಾಂಟಿಕ್ ಸಾಗರದ ದಾರಿ ನಿರಾತಂಕವಾದೊಡನೆ ಯೂರೋಪಿನ ಬಡಜನರು ತಂಡತಂಡವಾಗಿ ಹಡಗು ಹತ್ತತೊಡಗಿದರು. ಹಡಗಿನ ಒಡೆಯರೋ, ಹತ್ತಿ ಮರಮಟ್ಟುಗಳನ್ನು ಅಲ್ಲಿ ಇಳಿಸಿ ಬರಿದಾದ ಒಡಲಿನಲ್ಲಿ, ಮರಳುವಾಗ ಮನುಷ್ಯರನ್ನು ಸರಕಿನಂತೆ ಒತ್ತಿ ತುಂಬಿ ತರುತ್ತಿದ್ದರು. ಗಾಳಿಬೆಳಕುಗಳಿಲ್ಲದ ಆ ಇಕ್ಕಟ್ಟಿನಲ್ಲಿ ಜ್ವರ ಹಬ್ಬಿ, ಹೊರಟವರಲ್ಲಿ ಎಷ್ಟೋ ಮಂದಿ ದಡ ಕಾಣದೆಯೇ ಹೋಗುತ್ತಿದ್ದರು. 1819ರ ಮಾರ್ಚ್ 2ರಂದು ಹೊರಟ ಶಾಸನವು ಈ ದುರಾಶೆಗೆ ಹಾಕಿದ ಕಡಿವಾಣ. ಹಡಗಿನ ಪ್ರತಿ ಐದು ಟನ್ನಿನ ಪ್ರಮಾಣಕ್ಕೆ ಇಬ್ಬರಿಗಿಂತ ಹೆಚ್ಚು ಜನರನ್ನು ತರಕೂಡದು, ತಂದರೆ ಹೆಚ್ಚಿನ ತಲೆಯೊಂದಕ್ಕೆ 150 ಡಾಲರು ದಂಡ ತೆರತಕ್ಕದ್ದು ಎಂದು ವಿಧಿಸಿದ ಆ ಶಾಸನವು, ವಿಧಿ ನಡೆಯಿತೋ ಇಲ್ಲವೋ ಎಂಬುದನ್ನು ಅರಿಯುವ ಉಪಾಯವಾಗಿ, ಕಪ್ತಾನನು ತನ್ನ ಹಡಗಿನಲ್ಲಿ ಬಂದವರ ಹೆಸರು, ವಯಸ್ಸು, ಲಿಂಗ, ಕಸುಬು, ಬಿಟ್ಟುಬಂದ ದೇಶ, ನೆಲೆಸಬಯಸುವ ದೇಶ ಇವನ್ನೂ, ನಡುದಾರಿಯಲ್ಲಿ ಸತ್ತವರೆಷ್ಟೆಂಬುದನ್ನೂ ಬರೆದು, ಪ್ರಮಾಣಪೂರ್ವಕವಾಗಿ ಬಂದರಿನ ಸುಂಕಾಧಿಕಾರಿಗೆ ಒಪ್ಪಿಸಬೇಕೆಂದು ಕಟ್ಟಳೆ ಮಾಡಿತು. ಇಂಥ ಕೆಲಸವನ್ನು ವಹಿಸಲು ಆ ಕಾಲದ ಬಂದರುಗಳಲ್ಲಿ ಕೇಂದ್ರಸರ್ಕಾರಕ್ಕೆ ಸಿಕ್ಕುತ್ತಿದ್ದವನು ಸುಂಕದವನೊಬ್ಬನೇ. ಆದುದರಿಂದ ಸಕ್ಕರೆ ರೇಷ್ಮೆಗಳ ಲೆಕ್ಕದ ಮಗ್ಗುಲಲ್ಲಿ ಮನುಷ್ಯರ ಲೆಕ್ಕವೂ ಬೆಳೆಯಿತು. ಆತನು ಮೂರು ತಿಂಗಳಿಗೊಮ್ಮೆ ಪಟ್ಟಿಯ ಪ್ರತಿಯನ್ನು ವಿದೇಶಾಂಗ ಕಾರ್ಯದರ್ಶಿಗೆ ಕಳುಹಿಸುವನು. ಕಾರ್ಯದರ್ಶಿಯು ಅದನ್ನು ಕಾಂಗ್ರೆಸ್ಸಿನ ಮುಂದಿಡುವನು. 1820ರ ಲೆಕ್ಕದಲ್ಲಿ ಬಂದವರ ಸಂಖ್ಯೆ 8,385. ಅಮೆರಿಕದ ವಲಸೆಯ ವಾರ್ಷಿಕ ಕೋಷ್ಟಕಗಳು ಇಂದಿಗೂ ಮೊದಲ ಸಾಲಿನಲ್ಲಿ ಹೊತ್ತಿರುವುದು ಈ ಅಂಕೆಯನ್ನೇ.

ಆದರೆ ಆ ಕೋಷ್ಟಕಗಳಲ್ಲಿ ಸೇರಿದವರು ಬಂದವರೆಲ್ಲರೂ ಅಲ್ಲ, ಲೆಕ್ಕ ಬರೆಯುವವನ ಮೇಜಿನ ಮುಂದೆ ಹಾದುಹೋದವರು ಮಾತ್ರ. ಕೆನಡದಿಂದ ಗಾಡಿ ಹೂಡಿಕೊಂಡು ಬಂದ ರೈತನಿಗಾಗಲಿ, ರಿಯೋ ಗ್ರಾಂಡೆ ನದಿಯನ್ನು ದನಕರುಗಳೊಡನೆ ದಾಟಿಬಂದ ಮೆಕ್ಸಿಕೋದವನಿಗಾಗಲಿ ಅಲ್ಲಿ ಎಡೆಯಿರಲಿಲ್ಲ. ಭೂಮಾರ್ಗವಾಗಿ ಬಂದವರ ಪೂರ್ಣ ಎಣಿಕೆ ತೊಡಗಿದುದು 1908ರಲ್ಲಿ. ಅಷ್ಟೇ ಅಲ್ಲ, 1892ರಿಂದ 1903ರವರೆಗೆ, ಹಡಗಿನ ಮೇಲಂತಸ್ತಿನ ಕೋಣೆಯಲ್ಲಿ ಬಂದ ಪರದೇಶೀಯನು ಆ ನೆಲದಲ್ಲಿ ಸಾಯುವ ತನಕ ನೆಲೆಸಿದರೂ ವಲಸೆಗಾರನೆಂದು ಗಣನೆಗೆ ಬಾರನು. ಕೆಳಗಿನ ಅಗ್ಗದ ದರ್ಜೆಯಲ್ಲಿ ಬಂದವನಿಗಷ್ಟೇ ಆ ಹೆಸರು. ಗಡಿಯಲ್ಲಿ ಹುಟ್ಟುವ ಅಂಕಿಯು ಹೊರಗಿನ ಜನಪ್ರವಾಹವನ್ನು ಅಳೆಯುವುದಕ್ಕಿಂತ ಹೆಚ್ಚಾಗಿ ಒಳಗೆ ಕುಳಿತ ಅಧಿಕಾರಿಯ ಕೆಲಸವನ್ನೇ ಅಳೆಯುತ್ತದೆಂಬುದು ನನ್ನ ಎಣಿಕೆ. ಮುಂದೆ ಹೇಳುವ ಸಂಗತಿಗಳನ್ನು ಓದುಗರು ಈ ದೃಷ್ಟಿಯಿಂದ ನೋಡಬಹುದು.

ಮೊದಲ ಎಪ್ಪತ್ತು ವರ್ಷಗಳ ಕಥೆಯನ್ನು ಬೇಗ ಮುಗಿಸಬಹುದು. ಬರುವವರ ಯೋಗಕ್ಷೇಮವೂ ಅವರಿಂದ ಎತ್ತುವ ತೆರಿಗೆಯೂ ಆಯಾ ಸಂಸ್ಥಾನದ ಪಾಲಿಗೆ ಸೇರಿದ್ದುವು. ನ್ಯೂಯಾರ್ಕಿನವರು 1855ರಲ್ಲಿ, ಹಿಂದೆ ಕೋಟೆಯೂ ಆಮೇಲೆ ಸಂಗೀತಶಾಲೆಯೂ ಆಗಿದ್ದ ಕ್ಯಾಸಲ್ ಗಾರ್ಡನ್ನನ್ನು ವಲಸೆಗಾರರ ತಂಗುದಾಣವಾಗಿ ಮಾಡಿದರು. ಬಂದವರನ್ನು ಬಂದರಿನ ದಲ್ಲಾಳಿಗಳ ಬಾಯಿಂದ ತಪ್ಪಿಸುವುದೇ ಅದರ ಮುಖ್ಯೋದ್ದೇಶ. ಸಂಸ್ಥಾನಗಳು ಹೀಗೆ ತಲೆದೆರಿಗೆ ಎತ್ತುವುದು ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 1876ರಲ್ಲಿ ತೀರ್ಪಿತ್ತುದರಿಂದ ಹೊರೆಯು ಕೇಂದ್ರದ ಹೆಗಲಿಗೆ ಬಿದ್ದಿತು. 1882ರ ಶಾಸನವು ತಲೆಗೆ ಅರ್ಧ ಡಾಲರಿನಂತೆ ತೆರಿಗೆ ಹಾಕಿ, ತನ್ನನ್ನು ತಾನು ಸಾಕಿಕೊಳ್ಳಲಾರದವನಿಗೆ ಪ್ರವೇಶವಿಲ್ಲವೆಂದಿತು. 1891ರಲ್ಲಿ ಖಜಾನೆಯ ಇಲಾಖೆಯೊಳಗೆ ವಲಸೆಯ ಮೇಲ್ವಿಚಾರಕನೊಬ್ಬನ ನೇಮಕವಾಯಿತು. 1892ರ ಜನವರಿ 1ರಂದು ನ್ಯೂಯಾರ್ಕಿನ ಕೊಲ್ಲಿಯೊಳಗಿನ ಎಲ್ಲಿಸ್ ದ್ವೀಪದಲ್ಲಿ ಹೊಸ ಠಾಣ್ಯ ತೆರೆದು, ಐರ್ಲೆಂಡಿನ ಆನಿ ಮೂರ್ ಎಂಬ ಬಾಲೆಯ ಹೆಸರು ಮೊದಲು ದಾಖಲಾಯಿತು. ಪೈನ್ ಮರದಿಂದ ಕಟ್ಟಿದ ಆ ಕಟ್ಟಡವು 1897ರ ಜೂನ್ 15ರ ರಾತ್ರಿ ಸುಟ್ಟು ಬೂದಿಯಾದಾಗ ಒಂದು ಪ್ರಾಣವೂ ಹೋಗಲಿಲ್ಲವಾದರೂ 1855ರಿಂದ ಕೂಡಿಟ್ಟಿದ್ದ ಕಾಗದಪತ್ರಗಳು ಹೋದುವು. ಆ ಕಾಲದ ಪಟ್ಟಿಗಳು ಇಂದು ನಮಗೆ ದೊರಕುವುದಾದರೆ ಅದು ಸುಂಕದವರ ದಫ್ತರವು ಬೇರೊಂದೆಡೆಯಲ್ಲಿ ಉಳಿದುದರ ಪುಣ್ಯದಿಂದ.

ಎಲ್ಲಿಸ್ ದ್ವೀಪದ ವ್ಯವಸ್ಥೆಯನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 1893ರ ಶಾಸನದ ಮೇರೆಗೆ, ಹಡಗಿನ ಕಂಪನಿಯು ಹ್ಯಾಂಬರ್ಗಿನಲ್ಲೋ ಬ್ರೆಮೆನ್ನಿನಲ್ಲೋ ನೇಪಲ್ಸಿನಲ್ಲೋ ಪ್ರಯಾಣಿಕನನ್ನು ಹತ್ತಿಸಿಕೊಳ್ಳುವಾಗಲೇ, ಓದು ಬರೆಹ ಬಲ್ಲನೇ, ಕೈಯಲ್ಲಿ ಹಣವೆಷ್ಟು, ಯಾರ ಬಳಿಗೆ ಹೋಗುವನು, ಸೆರೆಮನೆಯಲ್ಲಿದ್ದನೇ, ಬಹುಪತ್ನೀಕನೇ ಎಂಬಿವೇ ಮೊದಲಾದ ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಬೇಕಾಯಿತು. ದ್ವೀಪದ ತನಿಖೆಗಾರನು ಆ ಬರೆಹವನ್ನು ಮುಂದಿಟ್ಟುಕೊಂಡು ಅವೇ ಪ್ರಶ್ನೆಗಳನ್ನು ಮತ್ತೆ ಕೇಳಿ, ಬಾಯಮಾತು ಕಾಗದದೊಡನೆ ಹೊಂದುವುದೇ ಎಂದು ನೋಡುವನು. (ಅಧಿಕಾರಿಗಳು ಮನಬಂದಂತೆ ವಲಸೆಗಾರರ ಹೆಸರುಗಳನ್ನು ತಿದ್ದಿದರೆಂಬ ಕಥೆ ಅಮೆರಿಕದಲ್ಲಿ ಮನೆಮನೆಗೂ ಇದೆ, ಹೆಸರು ಯೂರೋಪಿನಲ್ಲಿಯೇ ಬರೆದು ಬಂದಿರುತ್ತಿದ್ದುದರಿಂದ ಅದಕ್ಕೆ ಆಧಾರ ಕಡಮೆ.) ತಿರಸ್ಕೃತನಾದವನನ್ನು ಹಿಂದಕ್ಕೆ ಕರೆದೊಯ್ಯುವ ವೆಚ್ಚ ಕಂಪನಿಯದು, 1903ರ ಬಳಿಕ, ಅಂಟುರೋಗದವನನ್ನು ತಂದರೆ 100 ಡಾಲರು ದಂಡವೂ ಅದರದೇ. ಆದಕಾರಣ ಕಂಪನಿಗಳು ತಾವೇ ವೈದ್ಯರನ್ನಿಟ್ಟು, ಸಂಶಯ ಬಂದವನನ್ನು ಹಡಗು ಹತ್ತಗೊಡದೆ ಹೋದುವು. ಅಮೆರಿಕದ ಗಡಿಯು ಹೀಗೆ ಸದ್ದಿಲ್ಲದೆ ಸಾಗರ ದಾಟಿ ಯೂರೋಪಿನ ಬಂದರುಗಳಿಗೆ ಸರಿಯಿತು. ಅಲ್ಲಿ ತಡೆಯಲ್ಪಟ್ಟವರ ಲೆಕ್ಕ ಅಮೆರಿಕದ ಯಾವ ವರದಿಗೂ ಸೇರಲಿಲ್ಲ. ದ್ವೀಪದಲ್ಲಿ ತಿರಸ್ಕೃತರಾದವರು ನೂರಕ್ಕೆ ಇಬ್ಬರು ಮಾತ್ರವೆಂದು ಇತಿಹಾಸಕಾರರು ಹೇಳುವಾಗ ಈ ಅಂಶವನ್ನು ಅದಕ್ಕೆ ಸೇರಿಸಿಕೊಂಡೇ ಓದಬೇಕು.

ಮೆಟ್ಟಿಲೇರಿ ಬರುವವರನ್ನು ವೈದ್ಯರು ಕಣ್ಣೋಟದಲ್ಲಿಯೇ ಅಳೆದು, ಕಣ್ಣು ಕೆಟ್ಟವನ ಅಂಗಿಗೊಂದು, ಹೃದಯ ಕೆಟ್ಟವನ ಅಂಗಿಗೊಂದು, ಕುಂಟನಿಗೊಂದು, ಬುದ್ಧಿಯಲ್ಲಿ ಊನವಿರಬಹುದೆಂದು ತೋರಿದವನಿಗೊಂದು, ಹೀಗೆ ಸೀಮೆಸುಣ್ಣದ ಅಕ್ಷರಗಳನ್ನು ಗುರುತಿಸುತ್ತಿದ್ದರು. ಅದನ್ನು ಪಾರಾದವನಿಗೆ ಮೇಜಿನ ಮುಂದೆ ಕಾದಿದ್ದ ಪ್ರಶ್ನೆಗಳಲ್ಲಿ ಒಂದು ಮಾತ್ರ ನಿಜವಾಗಿ ಕಠಿನವಾದುದು: ಇಲ್ಲಿ ನಿನಗೆ ಕೆಲಸ ಗೊತ್ತಾಗಿದೆಯೇ? ಇದೆಯೆಂದನೋ, ಕರಾರಿನ ಕೂಲಿಗಳನ್ನು ನಿಷೇಧಿಸಿದ 1885ರ ಶಾಸನಕ್ಕೆ ಸಿಕ್ಕಿಬೀಳುವನು. ಇಲ್ಲವೆಂದನೋ, ಸಾರ್ವಜನಿಕರ ಮೇಲೆ ಹೊರೆಯಾಗುವ ಸಂಭವವುಳ್ಳವನೆಂಬ ಕಲಮಿಗೆ ಗುರಿಯಾಗುವನು. ಕೆಲಸ ಗೊತ್ತಿಲ್ಲ, ಆದರೆ ಸಿಕ್ಕುವ ನಂಬಿಕೆಯಿದೆ, ತೋಳಿನಲ್ಲಿ ಬಲವಿದೆ ಎಂಬ ನಡುಮಾತನ್ನು ಊರಿನವರು ಮೊದಲೇ ಕಾಗದ ಬರೆದು ಕಲಿಸಿರುತ್ತಿದ್ದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ನಮ್ಮ ಗಾದೆಯ ಸತ್ಯ ಆ ದ್ವೀಪದಲ್ಲಿ ದಿನಕ್ಕೆ ಸಾವಿರಾರು ಸಲ ಅನುಭವಕ್ಕೆ ಬರುತ್ತಿತ್ತು. 1907ರ ಏಪ್ರಿಲ್ 17ರ ಒಂದೇ ದಿನ 11,747 ಜನ ಆ ಸಭಾಂಗಣವನ್ನು ಹಾದುಹೋದರು. ಆ ಆರ್ಥಿಕ ವರ್ಷದಲ್ಲಿ ದೇಶಕ್ಕೆ ಬಂದವರು ಒಟ್ಟು 12,85,349. ಮುಂದೆ ನ್ಯೂಯಾರ್ಕಿನ ಮೇಯರನಾಗಿ ಪ್ರಸಿದ್ಧನಾದ ಫಿಯೊರೆಲ್ಲೊ ಲಾ ಗಾರ್ಡಿಯ ಆ ದಿನಗಳಲ್ಲಿ ಅಲ್ಲಿ ದುಭಾಷಿಯಾಗಿದ್ದನು.

ಪೂರ್ವದ ತೀರದಲ್ಲಿ ಹೀಗೆ ಜರಡಿ ಹಿಡಿಯುತ್ತಿದ್ದರೆ, ಪಶ್ಚಿಮ ತೀರದಲ್ಲಿ ಬಾಗಿಲನ್ನೇ ಮುಚ್ಚಿದ್ದರು. 1882ರ ಚೀನೀಯರ ನಿಷೇಧಶಾಸನವು ಚೀನದ ಕೂಲಿಗಾರರನ್ನು ಹೊರಗಿಟ್ಟಿತು. 1892ರ ಗೀರಿ ಶಾಸನವು ಒಳಗಿದ್ದ ಚೀನೀ ಕೂಲಿಗಾರರೆಲ್ಲರೂ ವಾಸದ ಪ್ರಮಾಣಪತ್ರವನ್ನು ಪಡೆಯಬೇಕೆಂದೂ, ಅದಿಲ್ಲದವನನ್ನು ಗಡೀಪಾರು ಮಾಡಬಹುದೆಂದೂ ವಿಧಿಸಿತು. ಬೇರಾವ ಜನಾಂಗಕ್ಕೂ ಇಲ್ಲದ ಈ ಗುರುತುಚೀಟಿಯನ್ನು ಸಾವಿರಾರು ಮಂದಿ ಚೀನೀಯರು ತಮ್ಮ ಸಂಘಗಳ ಕರೆಯಂತೆ ಪಡೆಯದೆ ನಿಂತು, ವ್ಯಾಜ್ಯವನ್ನು ಸರ್ವೋಚ್ಚ ನ್ಯಾಯಾಲಯದವರೆಗೆ ಒಯ್ದು, 1893ರಲ್ಲಿ ಸೋತರು. ಆದರೆ ಕಾಗದವನ್ನೇ ನಂಬಿದ ಸರ್ಕಾರಕ್ಕೆ ಕಾಗದವೇ ಕೈಕೊಟ್ಟುದು 1906ರ ಏಪ್ರಿಲ್‌ನಲ್ಲಿ. ಸ್ಯಾನ್‌ಫ್ರಾನ್ಸಿಸ್ಕೋ ನಗರವನ್ನು ನಡುಗಿಸಿದ ಭೂಕಂಪದ ಬೆನ್ನಿಗೆ ಎದ್ದ ಬೆಂಕಿಯಲ್ಲಿ ನಗರದ ಜನನದ ದಾಖಲೆಗಳು ಸುಟ್ಟುಹೋದುವು. ತಾನು ಈ ಊರಿನಲ್ಲಿಯೇ ಹುಟ್ಟಿದವನು, ಆದುದರಿಂದ ಪೌರನು, ಎಂದು ಚೀನೀಯನೊಬ್ಬನು ಪ್ರಮಾಣ ಮಾಡಿದರೆ ಅಲ್ಲವೆನ್ನಲು ಇನ್ನು ಪುಸ್ತಕವಿಲ್ಲ. ಪೌರನಾದವನಿಗೆ ಚೀನದಲ್ಲಿ ಹುಟ್ಟಿದ ಮಕ್ಕಳೂ ಪೌರರೇ. ಆತನು ಊರಿಗೆ ಹೋಗಿಬಂದಾಗಲೆಲ್ಲ ಒಬ್ಬ ಮಗ ಹುಟ್ಟಿದನೆಂದು ಬರೆಸುವನು. ಹಾಗೆ ಬರೆಸಿದ ಸ್ಥಾನವನ್ನು ನಂಟನಿಗೋ ನೆರೆಯವನಿಗೋ ಅಪರಿಚಿತನಿಗೋ ಮಾರಬಹುದಾಗಿತ್ತು. ಇಂಥವರನ್ನು ಕಾಗದದ ಮಕ್ಕಳೆಂದು ಕರೆದರು.

1910ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ಏಂಜಲ್ ದ್ವೀಪದಲ್ಲಿ ತೆರೆದ ಠಾಣ್ಯವು ಈ ಕಾಗದದ ಮಕ್ಕಳನ್ನು ಪತ್ತೆಹಚ್ಚುವ ಪರೀಕ್ಷಾಮಂದಿರವಾಯಿತು. ನಿಮ್ಮ ಮನೆಯ ಮುಂದೆ ಮೆಟ್ಟಿಲುಗಳೆಷ್ಟು? ಅಕ್ಕಿಯ ವಾಡೆ ಯಾವ ಕೋಣೆಯಲ್ಲಿದೆ? ಊರಿನ ಎರಡನೆಯ ಸಾಲಿನ ಮೂರನೆಯ ಮನೆಯಲ್ಲಿರುವವರು ಯಾರು? ಬಾವಿ ಯಾವ ದಿಕ್ಕಿಗಿದೆ? ಇಂಥ ನೂರಾರು ಪ್ರಶ್ನೆಗಳನ್ನು ಮಗನಿಗೆ ಕೇಳಿ, ಅವನ್ನೇ ತಂದೆಗೂ ಅಣ್ಣನಿಗೂ ಬೇರೆಬೇರೆಯಾಗಿ ಕೇಳಿ, ಉತ್ತರಗಳನ್ನು ಹಳೆಯ ಕಡತಗಳೊಡನೆ ಹೋಲಿಸುವರು. ಚೀನೀಯರ ಕಡೆಯಲ್ಲಿಯೂ ಸಿದ್ಧತೆಗೆ ಕೊರತೆಯಿರಲಿಲ್ಲ. ಪ್ರಶ್ನೋತ್ತರದ ಪುಸ್ತಕಗಳು ತಯಾರಾಗಿ, ಹುಡುಗರು ಹಡಗಿನಲ್ಲಿ ಅವನ್ನು ಉರುಹಚ್ಚಿ, ದಡ ಕಾಣುತ್ತಲೇ ಕಡಲಿಗೆ ಎಸೆಯುತ್ತಿದ್ದರು. ನಿಜವಾದ ಮಗನು ಮೆಟ್ಟಿಲುಗಳನ್ನು ಎಂದೂ ಎಣಿಸಿರಲಾರನು, ಸುಳ್ಳು ಮಗನು ಎಣಿಕೆಯನ್ನು ಕಲಿತೇ ಬಂದಿರುವನು. ಆದಕಾರಣ ದಿಟವಾದ ರಕ್ತಸಂಬಂಧಿಯೇ ಪರೀಕ್ಷೆಯಲ್ಲಿ ಸೋತುದೂ ಉಂಟು. ಪಂಜಾಬಿನಿಂದ ಬಂದ ನಮ್ಮ ಜನರು ಆ ದ್ವೀಪದಲ್ಲಿ ಪಟ್ಟ ಪಾಡು ಇನ್ನೂ ಹೀನ. ಸಿಖ್ಖರಿರಲಿ, ಮುಸಲ್ಮಾನರಿರಲಿ, ಎಲ್ಲರನ್ನೂ ಹಿಂದೂಗಳೆಂದೇ ಬರೆದು, ಕೊಕ್ಕೆಹುಳುವಿನ ನೆವದಿಂದಲೋ, ಹೊರೆಯಾಗುವರೆಂಬ ಕಲಮಿನಿಂದಲೋ ಹಿಂದಕ್ಕಟ್ಟುತ್ತಿದ್ದರು. ಅಲ್ಲಿಗೆ ಬಂದ ಜನಾಂಗಗಳಲ್ಲೆಲ್ಲ ಅತಿ ಹೆಚ್ಚಿನ ಪ್ರಮಾಣದಲ್ಲಿ ತಿರಸ್ಕೃತರಾದವರು ಭಾರತೀಯರು.

ಇಷ್ಟು ಹೊತ್ತಿಗೆ ಎಣಿಕೆಯ ಉದ್ದೇಶವೂ ಬದಲಾಗಿದ್ದಿತು. 1899ರಿಂದ ವಲಸೆಯ ಅಧಿಕಾರಿಗಳು ಬಂದವನ ದೇಶವನ್ನಷ್ಟೇ ಅಲ್ಲದೆ, ತಾವೇ ಸಿದ್ಧಪಡಿಸಿದ ಜನಾಂಗಗಳ ಪಟ್ಟಿಯೊಂದರಿಂದ ಅವನ ಕುಲವನ್ನೂ ಬರೆಯತೊಡಗಿದರು; ಉತ್ತರ ಇಟಲಿಯವರು ಬೇರೆ, ದಕ್ಷಿಣ ಇಟಲಿಯವರು ಬೇರೆ, ಯೆಹೂದ್ಯರು ಯಾವ ದೇಶದಿಂದ ಬಂದರೂ ಬೇರೆ. 1907ರಲ್ಲಿ ವರ್ಮಾಂಟಿನ ಸೆನೆಟರ್ ವಿಲಿಯಂ ಡಿಲ್ಲಿಂಗ್‌ಹ್ಯಾಮನ ಅಧ್ಯಕ್ಷತೆಯಲ್ಲಿ ಒಂಬತ್ತು ಮಂದಿಯ ಆಯೋಗವನ್ನು ಕಾಂಗ್ರೆಸ್ಸು ನೇಮಿಸಲು, ಅದು ಹತ್ತಿರ ಹತ್ತಿರ ಹತ್ತು ಲಕ್ಷ ಡಾಲರು ವ್ಯಯಿಸಿ, 1911ರಲ್ಲಿ 41 ಸಂಪುಟಗಳ ವರದಿಯನ್ನು ಹೊರತಂದಿತು. ಗಣಿ, ಗಿರಣಿ, ಶಾಲೆ, ಸೆರೆಮನೆ, ಆಸ್ಪತ್ರೆಗಳಲ್ಲೆಲ್ಲ ಅಂಕಿಗಳನ್ನು ಕೂಡಿಸಿದ ಇಂಥ ಪ್ರಯತ್ನ ಅದಕ್ಕೆ ಮುಂಚೆ ನಡೆದಿರಲಿಲ್ಲ. ವಿಚಿತ್ರವೆಂದರೆ ಆಯೋಗದ ನಿರ್ಣಯಗಳು ಅದರ ಅಂಕಿಗಳಿಂದ ಹುಟ್ಟಿದುವೆಂದು ಹೇಳುವಂತಿಲ್ಲ. ಮಾನವಶಾಸ್ತ್ರಜ್ಞ ಫ್ರಾನ್ಸ್ ಬೋವಸನು ಆಯೋಗಕ್ಕಾಗಿಯೇ ವಲಸೆಗಾರರ ಮಕ್ಕಳ ತಲೆಗಳನ್ನು ಅಳೆದು, ಕುಲಲಕ್ಷಣವೆಂದು ಭಾವಿಸಿದ ತಲೆಯ ಆಕಾರವೇ ಹೊಸ ನೆಲದಲ್ಲಿ ಒಂದು ತಲೆಮಾರಿನೊಳಗೆ ಬದಲಾಗುವುದೆಂದು ತೋರಿಸಿದ್ದನು. ಆ ಸಂಪುಟ ಅಚ್ಚಾಯಿತು, ಆದರೆ ನಿರ್ಣಯವು ಅದನ್ನು ಗಣಿಸಲಿಲ್ಲ. ಐಸಾಕ್ ಹೌರ್ವಿಚ್ ಎಂಬ ಅರ್ಥಶಾಸ್ತ್ರಜ್ಞನು ಮರುವರ್ಷವೇ ಗ್ರಂಥವೊಂದನ್ನು ಬರೆದು, ಆಯೋಗದ ಅಂಕಿಗಳಿಂದಲೇ ಆಯೋಗದ ವಾದವನ್ನು ಖಂಡಿಸಿದನು. ಸರ್ಕಾರವು ಅಂಕಿಗಳನ್ನು ಬಚ್ಚಿಡದೆ ಅಚ್ಚು ಹಾಕಿಸಿತ್ತಾದುದರಿಂದಲೇ ಈ ಖಂಡನೆ ಸಾಧ್ಯವಾಯಿತೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಆದರೂ ಆಯೋಗವು ಬಯಸಿದ ಅಕ್ಷರಪರೀಕ್ಷೆ 1917ರಲ್ಲಿ, ಅಧ್ಯಕ್ಷ ವಿಲ್ಸನ್ನನ ನಿರಾಕರಣೆಯನ್ನು ಮೀರಿ, ಶಾಸನವಾಯಿತು. ಅದೇ ಶಾಸನವು ಭಾರತವನ್ನೊಳಗೊಂಡ ಏಷ್ಯದ ಬಹುಭಾಗವನ್ನು ನಿಷಿದ್ಧ ವಲಯವೆಂದು ಸಾರಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬುವರ ಮೊಕದ್ದಮೆಯಲ್ಲಿ, ಭಾರತೀಯನು ಶಾಸನದ ಅರ್ಥದಲ್ಲಿ ಬಿಳಿಯನಲ್ಲವಾದುದರಿಂದ ಪೌರನಾಗಲು ಅನರ್ಹನೆಂಬ ತೀರ್ಪೂ ಬಂದಿತು.

ಆಮೇಲೆ ಬಂದುದು ಗಣಿತದ ಯುಗ. 1921ರ ಮೇ ತಿಂಗಳ ಶಾಸನವು ಪ್ರತಿ ದೇಶಕ್ಕೂ, 1910ರ ಜನಗಣತಿಯಲ್ಲಿ ಕಂಡುಬಂದ ಆ ದೇಶದಲ್ಲಿ ಹುಟ್ಟಿದವರ ಸಂಖ್ಯೆಯಲ್ಲಿ ನೂರಕ್ಕೆ ಮೂರರಂತೆ ಕೋಟಾ ಗೊತ್ತುಮಾಡಿತು. ವರ್ಷದ ಕೋಟಾದಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು ಒಂದು ತಿಂಗಳಿನಲ್ಲಿ ಮುಗಿಯಕೂಡದೆಂಬ ನಿಯಮದಿಂದ, ತಿಂಗಳ ಕೊನೆಯ ರಾತ್ರಿ ನ್ಯೂಯಾರ್ಕಿನ ಬಂದರಿನ ಹೊರಗೆ ಹಡಗುಗಳು ಹೊಗೆಯುಗುಳುತ್ತ ನಿಂತು, ಹನ್ನೆರಡು ಹೊಡೆದೊಡನೆ ಗೆರೆ ದಾಟಲು ಒಂದರ ಮೇಲೊಂದು ನುಗ್ಗುವುವು. ನಿಮಿಷಗಳಷ್ಟು ಹಿಂದೆ ಬಿದ್ದ ಹಡಗಿನವರು ಕೋಟಾ ತುಂಬಿತೆಂದು ಮರಳಿಹೋಗುವ ಭೀತಿಯಲ್ಲಿರುವರು. ಮೂರು ವರ್ಷಗಳಲ್ಲಿ ಈ ಕೋಟಾವೂ ಉದಾರವೆಂದು ತೋರಿ, 1924ರಲ್ಲಿ ನೂರಕ್ಕೆ ಎರಡಕ್ಕೆ ಇಳಿಸಿ, ಗಣತಿಯನ್ನು ಇಪ್ಪತ್ತು ವರ್ಷ ಹಿಂದಕ್ಕೆ, 1890ಕ್ಕೆ ಒಯ್ದರು. ಇಟಲಿ ಮತ್ತು ಪೋಲೆಂಡಿನ ಕಡೆಯ ದೊಡ್ಡ ಪ್ರವಾಹ ಬಂದುದು 1890ರ ಬಳಿಕವಾದುದರಿಂದ ಈ ಸಣ್ಣ ತಿದ್ದುಪಡಿಯ ಪರಿಣಾಮ ದೊಡ್ಡದಾಯಿತು: ಇಟಲಿಯ ಕೋಟಾ 42,057ರಿಂದ 3,845ಕ್ಕೆ ಕುಸಿಯಿತು. ಒಂದು ಜನಾಂಗದ ಹೆಸರನ್ನೂ ಎತ್ತಿ ಬಯ್ಯದೆ, ಕೇವಲ ಗಣತಿಯ ವರ್ಷವನ್ನು ಬದಲಿಸಿ ಬಾಗಿಲು ಮುಚ್ಚಿದ ಈ ಜಾಣ್ಮೆಯನ್ನು ಮೆಚ್ಚಬೇಕೋ ಹೇಸಬೇಕೋ ತಿಳಿಯದು.

ಅಲ್ಲಿಗೂ ತೃಪ್ತಿಯಾಗದೆ, ದೇಶದ ಬಿಳಿಯ ಜನಸಮುದಾಯದ ರಕ್ತವು ಯಾವ ಯಾವ ದೇಶದಿಂದ ಎಷ್ಟೆಷ್ಟು ಬಂದಿತೆಂದು ಲೆಕ್ಕಹಾಕಿ, ಅದೇ ಪ್ರಮಾಣದಲ್ಲಿ 1,50,000 ಸ್ಥಾನಗಳನ್ನು ಹಂಚಬೇಕೆಂದು ಶಾಸನವು ಆಜ್ಞಾಪಿಸಿತು. ಕೆಲಸವು ಗಣತಿ ಇಲಾಖೆಯ ಹಿರಿಯ ಅಂಕಿತಜ್ಞ ಜೋಸೆಫ್ ಹಿಲ್ಲನ ಪಾಲಿಗೆ ಬಂದಿತು. 1790ರ ಮೊದಲ ಗಣತಿಯಲ್ಲಿ ಮನೆಯ ಯಜಮಾನನ ಹೆಸರಲ್ಲದೆ ಹುಟ್ಟಿದ ದೇಶದ ಸುಳಿವಿಲ್ಲ. ಆ ಪ್ರಶ್ನೆಯನ್ನು ಗಣತಿಯವರು ಮೊದಲು ಕೇಳಿದುದೇ 1850ರಲ್ಲಿ. ಆದುದರಿಂದ ಹೆಸರಿನ ಧ್ವನಿಯಿಂದ ಕುಲವನ್ನು ಊಹಿಸಬೇಕಾಯಿತು. ಜರ್ಮನಿಯ ಷ್ಮಿಟ್ಟನು ಸ್ಮಿತ್ ಆಗಿದ್ದರೆ ಆಂಗ್ಲನೆಂದೇ ಲೆಕ್ಕ. ಗುಲಾಮರ ಸಂತತಿಯವರು, ಆ ನೆಲದ ಮೂಲನಿವಾಸಿಗಳು, ಪೌರತ್ವಕ್ಕೆ ಅನರ್ಹರಾದ ಏಷ್ಯದವರು, ಅಮೆರಿಕಾಖಂಡದ ನೆರೆನಾಡುಗಳಿಂದ ಬಂದವರು, ಇವರೆಲ್ಲರನ್ನೂ ಈ ಲೆಕ್ಕದ ಮಟ್ಟಿಗೆ ದೇಶದ ನಿವಾಸಿಗಳೇ ಅಲ್ಲವೆಂದು ಕಲಮಿನಲ್ಲಿಯೇ ಬಿಟ್ಟಿದ್ದರು. 1929ರಲ್ಲಿ ಜಾರಿಗೆ ಬಂದ ಕೋಷ್ಟಕದಲ್ಲಿ ಬ್ರಿಟನ್ನಿಗೂ ಉತ್ತರ ಐರ್ಲೆಂಡಿಗೂ ಕೂಡಿ 65,721, ಭಾರತಕ್ಕೆ 100. ಆ ನೂರು ಸ್ಥಾನಗಳನ್ನು ಭಾರತೀಯನು ಬಳಸುವಂತಿರಲಿಲ್ಲ. ಅವು ಭಾರತದಲ್ಲಿ ಹುಟ್ಟಿದ ಬಿಳಿಯರಿಗೆ ಮೀಸಲು.

ಕೋಟಾದ ಶಾಸನಕ್ಕೆ ಅಂಕಿತ ಬಿದ್ದ ಎರಡನೆಯ ದಿನ, 1924ರ ಮೇ 28ರಂದು, ಕಾಂಗ್ರೆಸ್ಸು ಹತ್ತು ಲಕ್ಷ ಡಾಲರು ಮಂಜೂರು ಮಾಡಿ ಗಡಿಗಾವಲು ಪಡೆಯನ್ನು ಹುಟ್ಟಿಸಿತು. ಮೊದಲಿಗೆ ಸುಮಾರು 450 ಜನ. ಕಡಲ ಬಾಗಿಲು ಬಿಗಿದೊಡನೆ ಜನ ನೆಲದ ಕಡೆಗೆ ತಿರುಗಿದರು. 1929ರ ಮಾರ್ಚಿಯಲ್ಲಿ ಅನುಮತಿಯಿಲ್ಲದೆ ಗಡಿ ದಾಟುವುದು ದಂಡಾರ್ಹ ಅಪರಾಧವಾಯಿತು. ಹೀಗೆ ಬೆಳೆದ ಅಧಿಕಾರವನ್ನು ಮೊದಲ ಸಲ ಗಂಭೀರವಾಗಿ ವಿಚಾರಿಸಿದುದು ಅಧ್ಯಕ್ಷ ಹೂವರ್ ನೇಮಿಸಿದ ವಿಕರ್ಷಾಮ್ ಆಯೋಗ. ಅದಕ್ಕಾಗಿ ಬಾಲ್ಟಿಮೋರಿನ ವಕೀಲ ರೂಬೆನ್ ಓಪನ್‌ಹೈಮರನು ಸಿದ್ಧಪಡಿಸಿದ 1931ರ ವರದಿಯು, ಗಡೀಪಾರಿನ ವ್ಯವಹಾರದಲ್ಲಿ ಪತ್ತೆ ಮಾಡುವವನು, ಆರೋಪ ಹೊರಿಸುವವನು, ತೀರ್ಪು ಕೊಡುವವನು, ಎಲ್ಲರೂ ಒಂದೇ ಇಲಾಖೆಯವರಾಗಿರುವುದನ್ನು ಎತ್ತಿ ತೋರಿಸಿತು. ಇಲಾಖೆಯ ಮಂತ್ರಿಗೆ ಇದು ರುಚಿಸಲಿಲ್ಲ. ಅದೇ ವರ್ಷಗಳ ಆರ್ಥಿಕ ಮುಗ್ಗಟ್ಟಿನಲ್ಲಿ ಮೆಕ್ಸಿಕೋ ಮೂಲದ ಜನರನ್ನು, ಅಮೆರಿಕದಲ್ಲಿಯೇ ಹುಟ್ಟಿದ ಮಕ್ಕಳೊಡನೆ, ರೈಲು ಹತ್ತಿಸಿ ಕಳುಹಿಸಿದರಷ್ಟೆ. ಅವರಲ್ಲಿ ಬಹುಮಂದಿ ವಿಧ್ಯುಕ್ತ ಗಡೀಪಾರಿನ ಆಜ್ಞೆಯಿಲ್ಲದೆ, ಬೆದರಿಕೆಗೂ ಒತ್ತಾಯಕ್ಕೂ ಮಣಿದು ಹೋದವರಾದುದರಿಂದ, ಒಟ್ಟು ಎಷ್ಟು ಜನರೆಂಬ ವಿಚಾರದಲ್ಲಿ ಇತಿಹಾಸಕಾರರ ಜಗಳ ಇನ್ನೂ ಮುಗಿದಿಲ್ಲ.

ಅಂಕಿಯ ಮಾಯೆಗೆ 1954ಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕದು. ಒಂದು ಕಡೆ ಬ್ರಸೆರೋ ಯೋಜನೆಯ ಮೂಲಕ ಸರ್ಕಾರವೇ ಮೆಕ್ಸಿಕೋದ ಕೃಷಿಕೂಲಿಗಳನ್ನು ಕರಾರಿನ ಮೇಲೆ ತರಿಸುತ್ತಿದ್ದಿತು. 1942ರಿಂದ 1964ರವರೆಗೆ ಆದ ಕರಾರುಗಳು ಸುಮಾರು 46 ಲಕ್ಷ. ಇನ್ನೊಂದು ಕಡೆ, ಕರಾರಿಲ್ಲದೆ ನದಿ ದಾಟಿದವರನ್ನು ಹಿಡಿದಟ್ಟಲು ನಿವೃತ್ತ ಸೇನಾಪತಿ ಜೋಸೆಫ್ ಸ್ವಿಂಗ್ ಎಂಬುವನ ಮುಂದಾಳುತನದಲ್ಲಿ ಆ ವರ್ಷದ ಜೂನ್ 17ರಂದು ದಂಡಯಾತ್ರೆಯೊಂದು ಹೊರಟಿತು. ಆ ಸಾಲಿನ ವಾರ್ಷಿಕ ಲೆಕ್ಕದಲ್ಲಿ ಸೆರೆಹಿಡಿದವರ ಸಂಖ್ಯೆ ಹತ್ತು ಲಕ್ಷವನ್ನು ಮೀರಿತು. ಅದನ್ನೇ ದಂಡಯಾತ್ರೆಯ ವಿಜಯವೆಂದು ಇಂದಿಗೂ ರಾಜಕಾರಣಿಗಳು ಉದಾಹರಿಸುತ್ತಾರೆ. ಆದರೆ ಅಂದಿನ ಆರ್ಥಿಕ ವರ್ಷ ಜೂನ್ 30ಕ್ಕೆ ಮುಗಿಯುತ್ತಿತ್ತು. ಹತ್ತು ಲಕ್ಷದ ಲೆಕ್ಕವೆಲ್ಲ ಬಹುಮಟ್ಟಿಗೆ ದಂಡಯಾತ್ರೆ ಹೊರಡುವುದಕ್ಕೆ ಮುಂಚಿನದು. ಅದು ನಡೆದ ಮರುಸಾಲಿನಲ್ಲಿ ಹಿಡಿದವರು ಎರಡೂವರೆ ಲಕ್ಷ ಮಾತ್ರ. ಇದಲ್ಲದೆ ಎಣಿಸುತ್ತಿದ್ದುದು ಹಿಡಿತವನ್ನೇ ಹೊರತು ಹಿಡಿಯಲ್ಪಟ್ಟವನನ್ನಲ್ಲ. ಒಬ್ಬನೇ ಕೂಲಿಯು ಒಂದು ವಾರದಲ್ಲಿ ಮೂರು ಸಲ ಸಿಕ್ಕಿದರೆ ಪುಸ್ತಕದಲ್ಲಿ ಮೂವರು.

ಸಿಕ್ಕವರನ್ನು ಇಷ್ಟು ಉತ್ಸಾಹದಿಂದ ಎಣಿಸಿದ ಇಲಾಖೆಯು, ದೇಶ ಬಿಟ್ಟು ಹೋಗುವವರ ಎಣಿಕೆಯನ್ನು 1957ರಲ್ಲಿ ನಿಲ್ಲಿಸಿಬಿಟ್ಟಿತು. ಬಂದವರಲ್ಲಿ ಉಳಿದವರೆಷ್ಟು ಎಂಬ ಸರಳ ಪ್ರಶ್ನೆಗೆ ಅಂದಿನಿಂದ ಅಂದಾಜೇ ಗತಿ. ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವಿದ್ವಾಂಸರ ಮಂಡಲಿಯೊಂದು ಈ ಅಂಕಿಗಳನ್ನೆಲ್ಲ ಪರಿಶೀಲಿಸಿ 1985ರಲ್ಲಿ ಹೊರತಂದ ವರದಿಗೆ ಅನಾದರದ ಕಥೆಯೆಂದೇ ಹೆಸರಿಟ್ಟಿತು. 1921ರ ಜೂನ್ ತಿಂಗಳಲ್ಲಿ, ಅಂದರೆ ಮೊದಲ ಕೋಟಾಶಾಸನ ಹೊರಟ ಮೂರು ವಾರಗಳಿಗೆ, ಕಾಂಗ್ರೆಸ್ಸಿನ ಲೆಕ್ಕಪರಿಶೋಧನ ಕಚೇರಿಯೂ ಹುಟ್ಟಿತ್ತು; ಈ ಕಚೇರಿಗೂ ವಲಸೆಯ ಇಲಾಖೆಗೂ ನಡೆದ ಮುಖಾಮುಖಿ ತೀವ್ರವಾದುದು ಎಪ್ಪತ್ತು ವರ್ಷಗಳ ಮೇಲೆ. 1993ರಲ್ಲಿ ಎಲ್ ಪಾಸೋದಲ್ಲಿಯೂ ಮರುವರ್ಷ ಸ್ಯಾನ್ ಡಿಯೇಗೋದಲ್ಲಿಯೂ ಪಟ್ಟಣಗಳ ಬಳಿಯ ಗಡಿಯನ್ನು ಕಾವಲಿನಿಂದ ತುಂಬಿದ ತಂತ್ರವು ಫಲಿಸಿತೇ ಎಂದು ಕಾಂಗ್ರೆಸ್ಸು ಕೇಳಿದಾಗ, ಕಚೇರಿಯ 1997ರ ವರದಿಯು ನಿರ್ಣಯಿಸಲು ಬಾರದೆಂದಿತು: ಸೆರೆಹಿಡಿದವರ ಸಂಖ್ಯೆ ಏರಿದರೆ, ದಾಟುವವರು ಹೆಚ್ಚಿದರೋ ಕಾಯುವವರು ಹೆಚ್ಚಿದರೋ ಆ ಸಂಖ್ಯೆಯೊಂದರಿಂದಲೇ ತಿಳಿಯಲಾಗದು. ಪಟ್ಟಣದ ದಾರಿ ಮುಚ್ಚಿದುದರಿಂದ ಜನರು ಆರಿಜೋನದ ಮರುಭೂಮಿಯನ್ನು ಹಿಡಿದರು. 1995ರಿಂದ ಹತ್ತು ವರ್ಷಗಳಲ್ಲಿ ಗಡಿಯ ಸಾವುಗಳು ಇಮ್ಮಡಿಯಾದುವೆಂದೂ, ಸಾವನ್ನು ಎಣಿಸುವ ಪದ್ಧತಿ ಗಡಿಪಡೆಯ ವಿಭಾಗ ವಿಭಾಗಕ್ಕೂ ಬೇರೆಯಾಗಿದೆಯೆಂದೂ 2006ರ ವರದಿಯಲ್ಲಿ ಅದೇ ಕಚೇರಿ ತಿಳಿಸಿತು.

ಇನ್ನು ನಮ್ಮವರ ಮಾತು. 1946ರಲ್ಲಿ ಭಾರತೀಯರಿಗೆ ಪೌರತ್ವದ ಹಕ್ಕೂ ವರ್ಷಕ್ಕೆ ನೂರು ಸ್ಥಾನಗಳೂ ದೊರೆತುವು. 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಅಂಕಿತ ಹಾಕಿದ ಶಾಸನವು ಕುಲಮೂಲದ ಕೋಟಾವನ್ನು ಅಳಿಸಿದ ಬಳಿಕ ಮೈಸೂರು, ಹುಬ್ಬಳ್ಳಿ, ಮಣಿಪಾಲಗಳ ವೈದ್ಯರೂ, ಅವರ ಹಿಂದೆ ಬೆಂಗಳೂರಿನ ಎಂಜಿನಿಯರರೂ ಆ ಕಡೆಗೆ ಮುಖಮಾಡಿದರು. ಆದರೆ ಉದ್ಯೋಗದ ಆಧಾರದ ಮೇಲೆ ಕೊಡುವ ಕಾಯಂ ವಾಸದ ಪತ್ರಗಳು ವರ್ಷಕ್ಕೆ 1,40,000, ಒಂದು ದೇಶಕ್ಕೆ ನೂರಕ್ಕೆ ಏಳಕ್ಕಿಂತ ಹೆಚ್ಚಿಲ್ಲ ಎಂದು 1990ರ ಶಾಸನವು ಕಟ್ಟಿದುದರಿಂದ ಸರತಿಯ ಸಾಲು ಬೆಳೆದು, ಯಾರ ಸರತಿ ಬಂದಿತೆಂದು ವಿದೇಶಾಂಗ ಇಲಾಖೆಯು ತಿಂಗಳಿಗೊಮ್ಮೆ ಪ್ರಕಟಿಸುವ ತಾರೀಖುಗಳ ಪಟ್ಟಿಯು ನಮ್ಮ ಯುವಕರಿಗೆ ಪಂಚಾಂಗವಾಯಿತು. 2007ರ ಜೂನಿನಲ್ಲಿ ವಲಸೆಯ ಕುಂದುಕೊರತೆಗಳನ್ನು ವಿಚಾರಿಸುವ ಸರ್ಕಾರಿ ಅಧಿಕಾರಿಯು, ಇಷ್ಟು ಉದ್ದದ ಸಾಲಿದ್ದರೂ ಹಿಂದಿನ ವರ್ಷಗಳಲ್ಲಿ ಲಕ್ಷಕ್ಕೂ ಮೀರಿದ ಸ್ಥಾನಗಳು ಕಚೇರಿಯ ನಿಧಾನದಿಂದ ಬಳಕೆಯಾಗದೆ ವ್ಯರ್ಥವಾದುವೆಂದು ತನ್ನ ವಾರ್ಷಿಕ ವರದಿಯಲ್ಲಿ ಆಕ್ಷೇಪಿಸಿದನು. ಅದೇ ತಿಂಗಳು ವಿದೇಶಾಂಗ ಇಲಾಖೆಯು, ಈ ವರ್ಷವೂ ಹಾಗಾಗದಿರಲೆಂದು, ಜುಲೈ ತಿಂಗಳಲ್ಲಿ ಬಹುತೇಕ ಎಲ್ಲರೂ ಅರ್ಜಿ ಸಲ್ಲಿಸಬಹುದೆಂದು ಸಾರಿತು. ಸಾವಿರಾರು ಮಂದಿ ವೈದ್ಯಪರೀಕ್ಷೆ ಮಾಡಿಸಿ, ವಕೀಲರಿಗೆ ಹಣ ತೆತ್ತು, ಊರಿನಿಂದ ಜನನಪತ್ರ ತರಿಸಿ ಸಿದ್ಧರಾದರು. ವಲಸೆಯ ಇಲಾಖೆಯು ಇತ್ತ ಹಗಲಿರುಳು ದುಡಿದು ಕೆಲವೇ ವಾರಗಳಲ್ಲಿ ಸುಮಾರು 60,000 ಹಳೆಯ ಅರ್ಜಿಗಳನ್ನು ವಿಲೇವಾರಿ ಮಾಡಿ ಸ್ಥಾನಗಳನ್ನೆಲ್ಲ ಮುಗಿಸಿತು. ಜುಲೈ 2ರಂದು, ಇನ್ನು ಅರ್ಜಿ ಬೇಡವೆಂಬ ಪ್ರಕಟಣೆ ಹೊರಟಿತು. ಭಾರತೀಯರು, ಮುಂಚಿನ ವರ್ಷ ತೆರೆಕಂಡ ಹಿಂದಿ ಚಲನಚಿತ್ರವೊಂದರ ಗಾಂಧಿಗಿರಿಯನ್ನು ನೆನೆದು, ಬಯ್ಗುಳದ ಬದಲು ಇಲಾಖೆಯ ಮುಖ್ಯಸ್ಥ ಎಮಿಲಿಯೊ ಗೊನ್ಸಾಲೆಸನಿಗೆ ಜುಲೈ 10ರಂದು ನೂರಾರು ಹೂಗುಚ್ಛಗಳನ್ನು ಕಳುಹಿಸಿಕೊಟ್ಟರು. ಆತನು ಅವನ್ನು ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯ ಗಾಯಾಳುಗಳಿಗೆ ಹಂಚಿಸಿದನು. ಒಂದು ವಾರದ ಬಳಿಕ, ಜುಲೈ 17ರಂದು, ಇಲಾಖೆಯು ಹಿಂದಿನ ಆಜ್ಞೆಯನ್ನು ರದ್ದುಮಾಡಿ, ಆಗಸ್ಟ್ 17ರವರೆಗೆ ಅರ್ಜಿಗಳನ್ನು ಸ್ವೀಕರಿಸುವುದಾಗಿ ತಿಳಿಸಿತು.